ಅಕ್ಕನ ಮಗಳು ಪೈಲಟ್ ಆಗಬೇಕಂತೆ, 85 ಲಕ್ಷ ಕೇಳುತ್ತಿದ್ದಾರೆ. ಕಟ್ಟಬಹುದಾ?

ಹಾವೇರಿ ಮಾವ
ಎಲ್ಲರಿಗೂ ನಮಸ್ಕಾರ. ಅಕ್ಕನ ಮಗಳು ಸೆಕೆಂಡ್ ಪಿಯುಸಿ ಮುಗಿಸಿದ್ದಾಳೆ. ಪಿಸಿಎಂಬಿ, ಒಳ್ಳೆ ಮಾರ್ಕ್ಸ್. ಸಿಇಟಿ ಬೇಡ, ನೀಟ್ ಬೇಡ, ಪೈಲಟ್ ಆಗುತ್ತೇನೆ ಅಂತ ಹಟ ಹಿಡಿದು ಕೂತಿದ್ದಾಳೆ. ಮನೆಯಲ್ಲಿ ಯಾರೂ ವಿಮಾನದ ಒಳಗೆ ಕಾಲಿಟ್ಟವರಲ್ಲ. ಭಾವನವರಿಗೆ ಬ್ಯಾಡಗಿ ಹತ್ತಿರ ಮೆಣಸಿನಕಾಯಿ ಬೆಳೆಯೋ ಹೊಲ ಇದೆ, ಅದೇ ಆಸ್ತಿ.

ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಯವರು ಹೇಳಿದ್ದು: ಒಟ್ಟು 85 ಲಕ್ಷ, 18 ತಿಂಗಳಲ್ಲಿ ಲೈಸೆನ್ಸ್ ಕೈಗೆ, ಕೆಲಸ ಗ್ಯಾರಂಟಿ. ಈ ವಾರವೇ 3 ಲಕ್ಷ ಕಟ್ಟಿದರೆ ಡಿಸ್ಕೌಂಟ್ ಅಂತೆ. ಭಾವ ಹೊಲ ಅಡ ಇಡೋಕೂ ತಯಾರಿದ್ದಾರೆ. ನನಗೆ ಧೈರ್ಯ ಬರುತ್ತಿಲ್ಲ. ತಿಳಿದವರು ಹೇಳಿ, ಮೊದಲು ಏನು ಮಾಡಬೇಕು?

ಕಾಫಿಗೆ ಸಕ್ಕರೆ ಕಮ್ಮಿ
ಮೊದಲು ಆ ಕನ್ಸಲ್ಟೆನ್ಸಿಯ ನಂಬರ್ ಬ್ಲಾಕ್ ಮಾಡಿ.

ಎಡಗಡೆ ಸೀಟಿಗೆ ಕಾದವನು
ಸಕ್ಕರೆ ಕಮ್ಮಿಯವರು ತಮಾಷೆಗೆ ಹೇಳಿದ್ದರೂ ಮಾತು ಸರಿ ಇದೆ. ನಾನು ಏರ್‌ಬಸ್ 320 ಹಾರಿಸುವ ಫಸ್ಟ್ ಆಫೀಸರ್, ಅಂದರೆ ಕೋ-ಪೈಲಟ್. "ಕೆಲಸ ಗ್ಯಾರಂಟಿ" ಅಂತ ಯಾರೇ ಹೇಳಿದರೂ ಅಲ್ಲಿಂದ ಎದ್ದು ಬನ್ನಿ. ಲೈಸೆನ್ಸ್ ಕೊಡುವುದು ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನದ ಸರ್ಕಾರಿ ನಿರ್ದೇಶನಾಲಯ, ಕೆಲಸ ಕೊಡುವುದು ಏರ್‌ಲೈನ್. ಮಧ್ಯದಲ್ಲಿರೋ ಕನ್ಸಲ್ಟೆನ್ಸಿ ಕೈಯಲ್ಲಿ ಇವೆರಡೂ ಇಲ್ಲ.

ಮಾವನವರೇ, ದುಡ್ಡು ಕಟ್ಟುವ ಮುಂಚೆ ಮೆಡಿಕಲ್. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಮೊದಲು ಕ್ಲಾಸ್ 2 ಅನ್ನೋ ಮೆಡಿಕಲ್ ಪರೀಕ್ಷೆ. ಡಿಜಿಸಿಎ ಒಪ್ಪಿದ ಡಾಕ್ಟರ ಹತ್ತಿರ ಮಾಡಿಸಬೇಕು. ಅದರ ಮೇಲೆ ಡಿಜಿಸಿಎಯಿಂದ ಫಿಟ್ ಅಂತ ಬಂದ ಮೇಲೆ ಕ್ಲಾಸ್ 1. ವಿಮಾನ ಕಲಿಯೋಕೆ ಕ್ಲಾಸ್ 2 ಸಾಕು, ಆದರೆ ಕಮರ್ಷಿಯಲ್ ಲೈಸೆನ್ಸಿಗೆ ಕ್ಲಾಸ್ 1 ಬೇಕೇ ಬೇಕು. ಎಷ್ಟೋ ಶಾಲೆಗಳು ಕ್ಲಾಸ್ 2 ನೋಡಿ ಸೇರಿಸಿಕೊಳ್ಳುತ್ತವೆ. ಅರ್ಧ ದುಡ್ಡು ಖರ್ಚಾದ ಮೇಲೆ ಕ್ಲಾಸ್ 1ರಲ್ಲಿ ಅನ್‌ಫಿಟ್ ಅಂದರೆ? ನನ್ನ ಬ್ಯಾಚ್‌ನಲ್ಲೇ ಒಬ್ಬನಿಗೆ ಹಾಗಾಯಿತು.

ಕಿವಿ ಮೂಗು ಗಂಟಲು
ನಾನು ಇಎನ್‌ಟಿ ಡಾಕ್ಟರ್, ಪೈಲಟ್ ಅಲ್ಲ. ಕ್ಲಾಸ್ 1ಕ್ಕೆ ಹೋಗೋ ಮಕ್ಕಳು ಆಗಾಗ ನನ್ನ ಹತ್ತಿರ ಬರುತ್ತಾರೆ. ಕಿವಿಯ ಆಡಿಯೋಗ್ರಾಂ, ಮೂಗಿನ ಗೋಡೆ ಸೊಟ್ಟಗಿರುವುದು, ಹಳೇ ಕಿವಿ ಸೋರಿಕೆ, ಇವೆಲ್ಲ ಮೊದಲೇ ಗೊತ್ತಾದರೆ ಚಿಕಿತ್ಸೆಗೆ ಟೈಮ್ ಸಿಗುತ್ತದೆ.

ಕನ್ನಡಕ ಇದ್ದರೆ ಆಗಲ್ಲ ಅನ್ನೋದು ಹಳೇ ತಪ್ಪು ತಿಳಿವಳಿಕೆ. ಕನ್ನಡಕ ಹಾಕಿಕೊಂಡು 6/6 ಬಂದರೆ ಸಿವಿಲ್ ಪೈಲಟ್‌ಗೆ ಸಾಮಾನ್ಯವಾಗಿ ಅಡ್ಡಿ ಇಲ್ಲ. ನಿಜವಾಗಿ ಜನ ಎಡವುವುದು ಬಣ್ಣದ ಪರೀಕ್ಷೆಯಲ್ಲಿ. ಚುಕ್ಕೆಗಳ ನಡುವೆ ಅಂಕಿ ಗುರುತಿಸುವ ಪುಸ್ತಕ ಇರುತ್ತದಲ್ಲ, ಇಶಿಹಾರ, ಅದು. ಊರಿನ ಕಣ್ಣಿನ ಡಾಕ್ಟರ ಹತ್ತಿರವೇ ಅದೊಂದನ್ನು ನಾಳೆಯೇ ನೋಡಿಸಿಬಿಡಿ. ಹೆಣ್ಣುಮಕ್ಕಳಲ್ಲಿ ಬಣ್ಣಗುರುಡು ತುಂಬಾ ಕಡಿಮೆ, ಆದರೂ ನೋಡಿಸಿ.

ಹಾವೇರಿ ಮಾವ
ಕ್ಲಾಸ್ 1 ಎಲ್ಲಿ ಮಾಡುತ್ತಾರೆ ಡಾಕ್ಟ್ರೇ? ದೆಹಲಿಗೆ ಹೋಗಬೇಕಾ?

ಕಿವಿ ಮೂಗು ಗಂಟಲು
ಬೇಡ. ನಮ್ಮ ಬೆಂಗಳೂರಿನಲ್ಲೇ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದೆ. ಡಿಜಿಸಿಎ ಒಪ್ಪಿದ ಖಾಸಗಿ ಡಾಕ್ಟರರೂ ಇದ್ದಾರೆ. ಅಪಾಯಿಂಟ್‌ಮೆಂಟ್ ತಡವಾಗಬಹುದು, ಈಗಲೇ ಅರ್ಜಿ ಹಾಕಿ.

ಜಕ್ಕೂರು ತಾತ
ನಾವು ಹುಡುಗರಾಗಿದ್ದಾಗ ಬೆಂಗಳೂರಿನ ಜಕ್ಕೂರು ಏರ್‌ಫೀಲ್ಡ್ ಬೇಲಿ ಪಕ್ಕ ನಿಂತು ಪುಷ್ಪಕ್ ವಿಮಾನ ನೋಡುತ್ತಿದ್ದೆವು. ನಮ್ಮ ಎಚ್‌ಎಎಲ್‌ನಲ್ಲೇ ಮಾಡಿದ್ದು, ಬಟ್ಟೆ ಹೊದಿಸಿದ ಎರಡು ಸೀಟಿನ ವಿಮಾನ. ಆಗ ಫ್ಲೈಯಿಂಗ್ ಕ್ಲಬ್ ಅಂದರೆ ಸರ್ಕಾರ ಸಬ್ಸಿಡಿ ಕೊಟ್ಟು ಹಾರಿಸುತ್ತಿತ್ತು. 85 ಲಕ್ಷ ಅಂತ ಕೇಳಿದರೆ ತಲೆ ತಿರುಗುತ್ತದೆ. ಜಕ್ಕೂರಿನ ಸರ್ಕಾರಿ ತರಬೇತಿ ಶಾಲೆ ಇದೆಯಲ್ಲ, ಅಲ್ಲಿ ವಿಚಾರಿಸಿ.

ಸಿಪಿಎಲ್ ಇದೆ ಕೆಲಸ ಇಲ್ಲ
ತಾತ, ಪುಷ್ಪಕ್ ಕಾಲ ಮುಗಿದು ಬಹಳ ವರ್ಷ ಆಯಿತು. ಈಗಿನ ಲೆಕ್ಕ ಕೇಳಿ.

ಸಿಪಿಎಲ್‌ಗೆ ಅಂದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ 200 ಗಂಟೆ ಹಾರಾಟ ಬೇಕು. ಅದರಲ್ಲಿ 100 ಗಂಟೆ ನೀವೇ ಪೈಲಟ್ ಇನ್ ಕಮಾಂಡ್, ವಿಮಾನದ ಪೂರ್ತಿ ಜವಾಬ್ದಾರಿ ನಿಮ್ಮದೇ. ಒಂದೂರಿನಿಂದ ಇನ್ನೊಂದೂರಿಗೆ ಹೋಗೋ ಕ್ರಾಸ್ ಕಂಟ್ರಿ 20 ಗಂಟೆ, ಅದರಲ್ಲಿ ಒಂದು 300 ನಾಟಿಕಲ್ ಮೈಲಿಯದ್ದು, ದಾರಿಯಲ್ಲಿ ಬೇರೆ ಬೇರೆ ಎರಡು ಕಡೆ ಇಳಿದು ಹೋಗಬೇಕು. ಉಪಕರಣ ನೋಡಿಕೊಂಡೇ ಹಾರುವುದು 10 ಗಂಟೆ. ರಾತ್ರಿ 5 ಗಂಟೆ, 10 ಟೇಕಾಫ್ 10 ಲ್ಯಾಂಡಿಂಗ್. ಇದರ ಮೇಲೆ ಇನ್‌ಸ್ಟ್ರುಮೆಂಟ್ ರೇಟಿಂಗ್ (ಐಆರ್, ಮೋಡದಲ್ಲೂ ಉಪಕರಣ ನೋಡಿ ಹಾರುವ ಅರ್ಹತೆ), ಎರಡು ಎಂಜಿನ್ ವಿಮಾನದ ರೇಟಿಂಗ್. ಇವಿಲ್ಲದೆ ಏರ್‌ಲೈನ್ ಬಾಗಿಲು ತಟ್ಟೋಕೂ ಆಗಲ್ಲ. ಇಷ್ಟಕ್ಕೇ ಇಂಡಿಯಾದಲ್ಲಿ 50-60 ಲಕ್ಷ ಆಗುತ್ತದೆ. ಆಮೇಲೆ ಏರ್‌ಬಸ್ಸೋ ಬೋಯಿಂಗೋ ಟೈಪ್ ರೇಟಿಂಗ್, ಅಂದರೆ ಆ ಒಂದು ಮಾದರಿ ವಿಮಾನ ಹಾರಿಸೋ ಅರ್ಹತೆ, ಇನ್ನೊಂದು 15-20 ಲಕ್ಷ. ಅಂದರೆ 65-80 ಲಕ್ಷ, 85 ಲಕ್ಷ ಅನ್ನೋದು ಪೂರ್ತಿ ಸುಳ್ಳೇನಲ್ಲ. 18 ತಿಂಗಳು ಮತ್ತು ಗ್ಯಾರಂಟಿ ಅನ್ನೋದು ಸುಳ್ಳು.

ನನ್ನ ಶಾಲೆಯಲ್ಲಿ ಬ್ರೋಶರ್‌ನಲ್ಲಿದ್ದ ವಿಮಾನ ಒಂದು ಕೈಯೆಣಿಕೆ, ಹಾರುವ ಸ್ಥಿತಿಯಲ್ಲಿದ್ದದ್ದು ಎರಡೇ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಹಾಸ್ಟೆಲ್‌ನಲ್ಲಿ ಕೂತು ಕೇರಂ ಆಡಿದ್ದೇವೆ. ಹಾಸ್ಟೆಲ್ ಬಿಲ್ ಮಾತ್ರ ಹಾರುತ್ತಲೇ ಇತ್ತು. ಲೈಸೆನ್ಸ್ ಬಂದಿದೆ, ಈಗ ಅಪ್ಪನ ಗೊಬ್ಬರದ ಅಂಗಡಿಯಲ್ಲಿ ಕೂತಿದ್ದೇನೆ.

ಕಾಫಿಗೆ ಸಕ್ಕರೆ ಕಮ್ಮಿ
ಶಾಲೆ ಹೆಸರು ಹೇಳಿ ಗುರೂ.

ನಿರ್ವಾಹಕ
ಹೆಸರು ಬೇಡ. ಇಲ್ಲಿ ಅದಕ್ಕೆ ಅವಕಾಶ ಇಲ್ಲ.

ಬಲಗಡೆ ಸೀಟಿನ ಮೇಷ್ಟ್ರು
ನಾನು ಇನ್‌ಸ್ಟ್ರಕ್ಟರ್. ಕೇರಂ ಆಡಿದ ತಮ್ಮನ ಕಥೆ ಕೇಳಿ ಬೇಜಾರಾಯಿತು, ಆದರೆ ಸುಳ್ಳಲ್ಲ. 2025ರಲ್ಲಿ ಡಿಜಿಸಿಎ ಮೊದಲ ಸಲ ತರಬೇತಿ ಶಾಲೆಗಳಿಗೆ ರ್‍ಯಾಂಕಿಂಗ್ ಕೊಟ್ಟಿತು. ಯಾವ ಶಾಲೆಗೂ ಎ ಗ್ರೇಡ್ ಬರಲಿಲ್ಲ, ಎಲ್ಲವೂ ಬಿ ಮತ್ತು ಸಿ. ಆ ಪಟ್ಟಿಯನ್ನು ವರ್ಷಕ್ಕೆ ಎರಡು ಸಲ ಹಾಕುತ್ತಾರೆ. ಸೇರುವ ಮುಂಚೆ ಅದನ್ನು ನೋಡಿ.

ಪಟ್ಟಿ ಒಂದೇ ಸಾಲದು, ಶಾಲೆಗೆ ಖುದ್ದಾಗಿ ಹೋಗಿ. ಆಫೀಸಿನ ಎಸಿ ರೂಮಿನಲ್ಲಿ ಕೂರಬೇಡಿ. ಬೆಳಿಗ್ಗೆ ಆರಕ್ಕೆ ವಿಮಾನ ನಿಲ್ಲಿಸೋ ಹ್ಯಾಂಗರ್ ಹತ್ತಿರ ನಿಂತುಕೊಳ್ಳಿ. ಎಷ್ಟು ವಿಮಾನ ಹೊರಗೆ ಬರುತ್ತವೆ, ಎಷ್ಟಕ್ಕೆ ಎಂಜಿನ್ ಬಿಚ್ಚಿಟ್ಟಿದ್ದಾರೆ ನೋಡಿ. ಒಂದು ವಿಮಾನಕ್ಕೆ ಎಷ್ಟು ವಿದ್ಯಾರ್ಥಿಗಳು ಅಂತ ಕೇಳಿ. ಕೊನೇ ಬ್ಯಾಚಿನವರಿಗೆ ಕಳೆದ ತಿಂಗಳು ಎಷ್ಟು ಗಂಟೆ ಸಿಕ್ಕಿತು ಅಂತ ವಿದ್ಯಾರ್ಥಿಗಳನ್ನೇ ಕೇಳಿ, ಕೌನ್ಸೆಲರ್‌ನ ಅಲ್ಲ.

ಇನ್ನೊಂದು ನೋಡುವ ವಿಷಯ ಇದೆ. ಹಾರುವ ಮುಂಚೆ ಹುಡುಗರು ರೆಕ್ಕೆ ಕೆಳಗಿಂದ ಪಾರದರ್ಶಕ ಕೊಳವೆಗೆ ಸ್ವಲ್ಪ ಇಂಧನ ಬಿಟ್ಟುಕೊಂಡು ಬೆಳಕಿಗೆ ಹಿಡಿದು ನೋಡುತ್ತಾರೆ. ನಾವು ಬಳಸುವ ಅವ್‌ಗ್ಯಾಸ್ ತಿಳಿ ನೀಲಿ ಬಣ್ಣ. ಟ್ಯಾಂಕಿನಲ್ಲಿ ನೀರು ಸೇರಿದ್ದರೆ ಕೊಳವೆಯ ತಳದಲ್ಲಿ ಬಣ್ಣವಿಲ್ಲದ ಗುಳ್ಳೆಯಾಗಿ ಕೂರುತ್ತದೆ. ಅದನ್ನು ಚೆಲ್ಲಿ ಮತ್ತೆ ತೆಗೆಯಬೇಕು, ನೀರು ಪೂರ್ತಿ ಹೋಗುವವರೆಗೆ. ಒಂದು ಶಾಲೆಯಲ್ಲಿ ವಿದ್ಯಾರ್ಥಿಗಳು ಇದನ್ನು ತಾವೇ ನಿಧಾನವಾಗಿ ಮಾಡುತ್ತಿದ್ದರೆ ಅಲ್ಲಿ ಕಲಿಸುತ್ತಾರೆ ಅಂತ ಅರ್ಥ. ಗಂಟೆ ಮೀಟರ್ ಓಡಿಸೋ ಅವಸರದಲ್ಲಿ ಇದನ್ನು ಬಿಟ್ಟು ಹತ್ತಿಕೊಳ್ಳುತ್ತಿದ್ದರೆ ವಾಪಸ್ ಬನ್ನಿ.

ಮಾಜಿ ಬ್ಯಾಂಕಿನವ
ಸಾಲದ ವಿಷಯ ನಾನು ಹೇಳುತ್ತೇನೆ, ನಿವೃತ್ತ ಮ್ಯಾನೇಜರ್. ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಆಸ್ತಿ ಅಡಮಾನ ಕೇಳುತ್ತಾರೆ. ಹೊಲ ಇಡುತ್ತೇವೆ ಅಂದರೆ ಹೆಚ್ಚಿನ ಬ್ಯಾಂಕ್‌ಗಳು ಒಪ್ಪುವುದಿಲ್ಲ. ಕೋರ್ಟಿಗೆ ಹೋಗದೆ ಅಡವಿಟ್ಟ ಆಸ್ತಿ ವಶಕ್ಕೆ ತೆಗೆದುಕೊಳ್ಳೋ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ, ಸಾಲ ಕೆಟ್ಟರೆ ಬ್ಯಾಂಕಿಗೆ ವಸೂಲಿ ಕಷ್ಟ, ಅದಕ್ಕೆ. ಮನೆ, ಸೈಟು, ಎಫ್‌ಡಿ ಇದ್ದರೆ ಬೇರೆ ಮಾತು. ಹಾಗಾಗಿ "ಹೊಲದ ಮೇಲೆ ನಾವೇ ಸಾಲ ಮಾಡಿಸಿಕೊಡುತ್ತೇವೆ" ಅಂತ ಕನ್ಸಲ್ಟೆನ್ಸಿಯವರು ಹೇಳಿದ್ದರೆ ಅದು ಯಾರ ಸಾಲ, ಎಷ್ಟು ಬಡ್ಡಿ ಅಂತ ಕಾಗದದ ಮೇಲೆ ಕೇಳಿ.

ಕಂತಿನ ಲೆಕ್ಕ: 50 ಲಕ್ಷ, ಹತ್ತೂವರೆ ಪರ್ಸೆಂಟ್, 15 ವರ್ಷ. ತಿಂಗಳಿಗೆ ಸುಮಾರು 55 ಸಾವಿರ. ಓದುವ ಕಾಲದ ಬಡ್ಡಿ ಸೇರಿದರೆ ಇನ್ನೂ ಜಾಸ್ತಿ. ಲೈಸೆನ್ಸ್ ಬಂದು ಎರಡು ವರ್ಷ ಕೆಲಸ ಸಿಗಲಿಲ್ಲ ಅಂದುಕೊಳ್ಳಿ, ಆ ಕಂತು ಯಾರು ಕಟ್ಟುತ್ತಾರೆ? ಇದಕ್ಕೆ ಮನೆಯಲ್ಲಿ ಉತ್ತರ ಇದ್ದರೆ ಮಾತ್ರ ಮುಂದಕ್ಕೆ ಹೋಗಿ.

ಫೀನಿಕ್ಸ್ ಪ್ರಸಾದ
ಅಮೆರಿಕಕ್ಕೆ ಕಳಿಸಿ ಸರ್. ಅರಿಜೋನಾದಲ್ಲಿ ವರ್ಷದಲ್ಲಿ ಬಹುಪಾಲು ದಿನ ಆಕಾಶ ಶುಭ್ರ. ನಾನು ಒಂದೇ ವರ್ಷದಲ್ಲಿ ಮುಗಿಸಿ ಬಂದೆ. ಇಲ್ಲಿ ಮೋಡ ನೋಡಿಕೊಂಡು ಕೂರೋ ಬದಲು ಅದೇ ವಾಸಿ.

ಸಿಪಿಎಲ್ ಇದೆ ಕೆಲಸ ಇಲ್ಲ
ಅಲ್ಲಿಂದ ಬಂದ ಮೇಲೆ ಇಲ್ಲಿ ಲೈಸೆನ್ಸ್ ಬದಲಾಯಿಸೋಕೆ ಎಷ್ಟು ಕಾಲ ಹಿಡಿಯಿತು, ಅದನ್ನೂ ಹೇಳಿ ಪ್ರಸಾದಣ್ಣ.

ಫೀನಿಕ್ಸ್ ಪ್ರಸಾದ
ಅದು ಬೇರೆ ವಿಷಯ 😄 ಸರಿ, ಹೇಳುತ್ತೇನೆ. ಡಿಜಿಸಿಎ ಪೇಪರ್ ಬರೆಯಬೇಕು, ರೇಡಿಯೋ ಪರೀಕ್ಷೆ, ಮೆಡಿಕಲ್, ಇಲ್ಲಿಯ ವಿಮಾನದಲ್ಲಿ ಮತ್ತೆ ಚೆಕ್. ಪೇಪರ್ ಮೊದಲೇ ಪಾಸಾಗಿ ಹೋದವರು ಬೇಗ ಮುಗಿಸಿಕೊಂಡರು. ಬಂದ ಮೇಲೆ ಬರೆಯುತ್ತೇನೆ ಅಂದುಕೊಂಡು ಹೋದವರು ಒದ್ದಾಡಿದರು. ಡಾಲರ್ ಏರಿದಾಗ ಬಜೆಟ್ ಕೂಡ ಏರುತ್ತದೆ, ಅದನ್ನೂ ಲೆಕ್ಕ ಹಾಕಿಕೊಳ್ಳಿ. ಅಷ್ಟಾದರೂ ನನ್ನ ಮಟ್ಟಿಗೆ ಅದೇ ಸರಿ. ಅಲ್ಲಿ ದಿನಾ ಹಾರುತ್ತಿದ್ದೆವು, ಕಲಿತದ್ದು ಮರೆಯೋಕೆ ಟೈಮೇ ಇರಲಿಲ್ಲ.

ಎಡಗಡೆ ಸೀಟಿಗೆ ಕಾದವನು
ಪೇಪರ್ ಮಾತು ಬಂತು, ಒಳ್ಳೆಯದಾಯಿತು. ಮಾವನವರೇ, ಮೆಡಿಕಲ್ ಆದ ಮೇಲೆ ಮಾಡಬೇಕಾದ ಎರಡನೇ ಕೆಲಸ ಇದೇ. ಹಾರೋ ಶಾಲೆಗೆ ಸೇರದೆಯೇ ಪೇಪರ್ ಬರೆಯಬಹುದು. ನ್ಯಾವಿಗೇಷನ್, ಮೀಟಿಯರಾಲಜಿ, ರೆಗ್ಯುಲೇಷನ್ಸ್, ಟೆಕ್ನಿಕಲ್ ಜನರಲ್. ಪಾಸಾಗೋಕೆ 70 ಬೇಕು. ಯಾವ ವಿಮಾನದಲ್ಲಿ ಕಲಿಯುತ್ತೀರೋ ಅದರ ಮೇಲೆ ಟೆಕ್ನಿಕಲ್ ಸ್ಪೆಸಿಫಿಕ್ ಅಂತ ಇನ್ನೊಂದು. ಆಮೇಲೆ ಆರ್‌ಟಿಆರ್, ಅಂದರೆ ರೇಡಿಯೋದಲ್ಲಿ ಮಾತನಾಡುವ ಪರವಾನಗಿ.

ಕೋಚಿಂಗ್‌ಗೆ ಕೆಲವು ಲಕ್ಷ ಖರ್ಚಾಗುತ್ತದೆ, ಬಹಳಷ್ಟು ಕೋಚಿಂಗ್ ದೆಹಲಿಯ ದ್ವಾರಕಾದಲ್ಲಿವೆ, ಆನ್‌ಲೈನ್ ಕೂಡ ಇದೆ. ಹುಡುಗಿ ನಾಲ್ಕು ಪೇಪರ್ ಪಾಸಾದರೆ ಅವಳ ಆಸೆ ಎಷ್ಟು ಗಟ್ಟಿ ಅಂತ ನಿಮಗೂ ಗೊತ್ತಾಗುತ್ತದೆ. ಆಗಲಿಲ್ಲ ಅಂದರೂ ಹೊಲ ಉಳಿದಿರುತ್ತದೆ.

ಶಿಸ್ತಿನ ಸುಮಾ
ಪೇಪರ್ ಬರೆಯೋಕೆ ಡಿಜಿಸಿಎ ಕಂಪ್ಯೂಟರ್ ನಂಬರ್, ಅಂದರೆ ನೋಂದಣಿ ಸಂಖ್ಯೆ ಬೇಕು. ಅದಕ್ಕೆ 10ನೇ ತರಗತಿ ಮತ್ತು ಪಿಯುಸಿ ಅಂಕಪಟ್ಟಿ ಅಸಲಿ ಅಂತ ಬೋರ್ಡ್‌ನಿಂದ ವೆರಿಫಿಕೇಶನ್ ಪತ್ರ. ಬೆಂಗಳೂರಿನ ಮಲ್ಲೇಶ್ವರದಲ್ಲಿರೋ ಬೋರ್ಡ್ ಆಫೀಸಿಗೆ ಹೋಗಿ ಅರ್ಜಿ ಕೊಟ್ಟು ಬನ್ನಿ, ಬೇಗ ಶುರು ಮಾಡಿ. ತಂದೆ ಹೆಸರಿನ ಇನಿಷಿಯಲ್ ಆಧಾರ್‌ನಲ್ಲಿ ಒಂದು ಥರ, ಅಂಕಪಟ್ಟಿಯಲ್ಲಿ ಒಂದು ಥರ ಇದ್ದರೆ ಈಗಲೇ ಸರಿ ಮಾಡಿಸಿ. ನಮ್ಮ ಕಡೆ ಇದೇ ದೊಡ್ಡ ಗೋಳು. "ಬಿ. ಕವಿತಾ" ಒಂದರಲ್ಲಿ, "ಕವಿತಾ ಬಸಪ್ಪ" ಇನ್ನೊಂದರಲ್ಲಿ ಇದ್ದರೆ ಫೈಲ್ ಮುಂದಕ್ಕೇ ಹೋಗಲ್ಲ.

ಜಕ್ಕೂರು ತಾತ
ಇಷ್ಟೊಂದು ಯಾಕಪ್ಪ ಅಂಕಪಟ್ಟಿ ತನಿಖೆ?

ಎಡಗಡೆ ಸೀಟಿಗೆ ಕಾದವನು
2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದ ಪೈಲಟ್‌ಗಳು ಸಿಕ್ಕಿಬಿದ್ದರಲ್ಲ ತಾತ, ನ್ಯೂಸ್ ಪೇಪರ್ ತುಂಬಾ ಅದೇ ಸುದ್ದಿ. ಜೊತೆಗೆ "ಪಾರ್ಕರ್ ಗಂಟೆ" ಅಂತ ಒಂದಿದೆ. ವಿಮಾನ ನೆಲ ಬಿಡದೆ, ಪಾರ್ಕರ್ ಪೆನ್ನಿನಲ್ಲಿ ಲಾಗ್‌ಬುಕ್‌ಗೆ ಬರೆದುಕೊಂಡ ಗಂಟೆ. ನಾವೆಲ್ಲ ತಮಾಷೆಗೆ ಹೇಳುತ್ತೇವೆ, ಆದರೆ ಅಂಥ ಶಾಲೆ ಯಾವುದು ಅಂತ ತನಿಖೆಯಾದರೆ ಅಲ್ಲಿ ಪ್ರಾಮಾಣಿಕವಾಗಿ ಹಾರಿದವರ ಲೈಸೆನ್ಸೂ ಸಂಶಯಕ್ಕೆ ಬೀಳುತ್ತದೆ. "ಬೇಗ ಮುಗಿಸಿಕೊಡುತ್ತೇವೆ" ಅಂದಾಗ ಹೆದರಬೇಕಾದ್ದು ಇದಕ್ಕೇ.

ಹಳ್ಳಿ ಶಾಲೆ ಮೇಷ್ಟ್ರು
ನನ್ನ ಪ್ರಶ್ನೆ ಬೇರೆ. ನಮ್ಮ ಮಕ್ಕಳು ಕನ್ನಡ ಮಾಧ್ಯಮ. ಪೈಲಟ್ ಆಗಬೇಕಾದರೆ ಇಂಗ್ಲಿಷೇ ಯಾಕೆ? ನಮ್ಮ ದೇಶದೊಳಗೇ ಹಾರುವವರಿಗೆ ನಮ್ಮ ಭಾಷೆಯಲ್ಲೇ ಪರೀಕ್ಷೆ ಇಟ್ಟರೆ ಏನು ತಪ್ಪು?

ಕಾಫಿಗೆ ಸಕ್ಕರೆ ಕಮ್ಮಿ
"ಬೆಂಗಳೂರು ಗೋಪುರ, ಇಳಿಯಬಹುದಾ ಸ್ವಾಮಿ?" "ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ, ಮುಂದೆ ಇನ್ನೊಂದು ಗಾಡಿ ಇದೆ."

ಎಡಗಡೆ ಸೀಟಿಗೆ ಕಾದವನು
😂 ಮೇಷ್ಟ್ರೇ, ಕೋಪ ಬೇಡ. ಪರೀಕ್ಷೆ ಕನ್ನಡದಲ್ಲಿ ಇಡಬೇಕು ಅನ್ನೋದು ಬೇರೆ ಚರ್ಚೆ, ಅದಕ್ಕೆ ನನ್ನ ಓಟು ಇದೆ. ಆದರೆ ರೇಡಿಯೋದಲ್ಲಿ ಎಲ್ಲರೂ ಒಂದೇ ಭಾಷೆ ಆಡಬೇಕು. ಒಬ್ಬ ಪೈಲಟ್‌ಗೆ ಟವರ್ ಹೇಳಿದ್ದನ್ನು ಸುತ್ತ ಇರುವ ಉಳಿದ ಪೈಲಟ್‌ಗಳೂ ಕೇಳಿಸಿಕೊಂಡು ಯಾರು ಎಲ್ಲಿದ್ದಾರೆ ಅಂತ ತಲೆಯಲ್ಲಿ ಚಿತ್ರ ಮಾಡಿಕೊಳ್ಳುತ್ತಾರೆ.

1996ರ ನವೆಂಬರ್ 12, ಹರಿಯಾಣದ ಚರ್ಖಿ ದಾದ್ರಿ. ದೆಹಲಿಯಿಂದ ಏರುತ್ತಿದ್ದ ಸೌದಿ ಜಂಬೋಗೆ 14,000 ಅಡಿ, ಇಳಿಯುತ್ತಿದ್ದ ಕಜಕಿಸ್ತಾನದ ವಿಮಾನಕ್ಕೆ 15,000 ಅಡಿ ಅಂತ ಹೇಳಿದ್ದರು. ಕಜಕ್ ವಿಮಾನದಲ್ಲಿ ಇಂಗ್ಲಿಷ್ ಮಾತುಕತೆ ನೋಡಿಕೊಳ್ಳುತ್ತಿದ್ದವನು ರೇಡಿಯೋ ಆಪರೇಟರ್, ಪೈಲಟ್‌ಗಳು ಅವನನ್ನು ನಂಬಿಕೊಂಡಿದ್ದರು. ವಿಮಾನ 15,000ಕ್ಕಿಂತ ಕೆಳಗೆ ಇಳಿಯಿತು. ಎರಡೂ ಡಿಕ್ಕಿಯಾಗಿ 349 ಜನ ಹೋದರು. ಆ ಮೇಲೆಯೇ ಜಗತ್ತಿನಾದ್ಯಂತ ಭಾಷಾ ಮಟ್ಟದ ಪರೀಕ್ಷೆ ಬಿಗಿಯಾಗಿದ್ದು. ಈಗ ಕನಿಷ್ಠ ಲೆವೆಲ್ 4 ಬೇಕು.

ಇನ್ನು ಮಕ್ಕಳ ಇಂಗ್ಲಿಷ್ ವಿಷಯ. ನಾನು ಏಳನೇ ತರಗತಿವರೆಗೆ ಕನ್ನಡ ಮಾಧ್ಯಮವೇ. ಲೆವೆಲ್ 4 ಅಂದರೆ ಭಾಷಣ ಬಿಗಿಯೋದಲ್ಲ, ಹೇಳಿದ್ದು ಅರ್ಥ ಆಗಬೇಕು, ತಪ್ಪಿಲ್ಲದೆ ವಾಪಸ್ ಹೇಳಬೇಕು. ಒಂದು ವರ್ಷ ಮೈಬಗ್ಗಿಸಿದರೆ ಬರುತ್ತದೆ.

ಹಳ್ಳಿ ಶಾಲೆ ಮೇಷ್ಟ್ರು
ಕೋಪ ಏನಿಲ್ಲ. ಆದರೆ ಪೇಪರ್‌ಗಳಾದರೂ ಕನ್ನಡದಲ್ಲಿ ಬರಲಿ ಅನ್ನೋದನ್ನು ಬಿಡಲ್ಲ. ಗಾಳಿ, ಮೋಡ, ಒತ್ತಡ ಕಲಿಯೋಕೆ ಇಂಗ್ಲಿಷ್ ಯಾಕೆ ಬೇಕು?

ಬಲಗಡೆ ಸೀಟಿನ ಮೇಷ್ಟ್ರು
ಮೇಷ್ಟ್ರೇ, ಕಲಿಸುವಾಗ ನಾನು ಕನ್ನಡದಲ್ಲೇ ಹೇಳುತ್ತೇನೆ, ನಮ್ಮ ಹುಡುಗರು ಸಿಕ್ಕರೆ. ಒಂದು ಉದಾಹರಣೆ. ಬೆಂಗಳೂರು ಸಮುದ್ರ ಮಟ್ಟದಿಂದ 3000 ಅಡಿ ಮೇಲಿದೆ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಬಿಸಿಲು ಇದ್ದರೆ ಗಾಳಿ ತೆಳ್ಳಗಾಗಿ, ವಿಮಾನದ ಪಾಲಿಗೆ ಅದು 6000 ಅಡಿ ಎತ್ತರದ ಜಾಗ. ಎಂಜಿನ್‌ಗೆ ಉಸಿರು ಕಮ್ಮಿ, ರೆಕ್ಕೆಗೆ ಹಿಡಿತ ಕಮ್ಮಿ. ಬೆಳಿಗ್ಗೆ ಸಲೀಸಾಗಿ ಎದ್ದ ಸೆಸ್ನಾ 172 ಮಧ್ಯಾಹ್ನ ರನ್‌ವೇಯ ಬಹುಭಾಗ ತಿಂದರೂ ಮೇಲೇಳೋಕೆ ತಿಣುಕುತ್ತದೆ. ಇದನ್ನು ಪುಸ್ತಕದ ಇಂಗ್ಲಿಷ್‌ನಲ್ಲಿ ಬಾಯಿಪಾಠ ಮಾಡಿದವನಿಗಿಂತ, ಕನ್ನಡದಲ್ಲಿ ಅರ್ಥ ಮಾಡಿಕೊಂಡವನೇ ಮಧ್ಯಾಹ್ನ ಟ್ಯಾಂಕ್ ಫುಲ್ ಮಾಡಿಸೋ ಮುಂಚೆ ಯೋಚಿಸುತ್ತಾನೆ.

ಜಕ್ಕೂರು ತಾತ
ರನ್‌ವೇ ಅಂದಿರಿ, ಜಕ್ಕೂರಿನದು ಬಳ್ಳಾರಿ ರಸ್ತೆ ಎತ್ತರದ ಸೇತುವೆ ಬಂದ ಮೇಲೆ ಬಳಸೋಕೆ ಮೊಟಕಾಯಿತು. ಏರ್‌ಪೋರ್ಟಿಗೆ ರಸ್ತೆ ಮಾಡೋಕೆ ಹೋಗಿ ಏರ್‌ಫೀಲ್ಡಿಗೇ ಕತ್ತರಿ. ಕ್ಯಾಪ್ಟನ್ ಗೋಪಿನಾಥ್ ಅವರು ಹೆಲಿಕಾಪ್ಟರ್ ಕಂಪನಿ ಶುರು ಮಾಡಿದ್ದೂ ಇಲ್ಲಿಂದಲೇ. ಗೊರೂರಿನ ಮನುಷ್ಯ. ಆಮೇಲೆ 2003ರಲ್ಲಿ ಏರ್ ಡೆಕ್ಕನ್ ಮಾಡಿ ನಮ್ಮಂಥವರನ್ನೂ ವಿಮಾನ ಹತ್ತಿಸಿದರು.

ಸಿಪಿಎಲ್ ಇದೆ ಕೆಲಸ ಇಲ್ಲ
ಆ ಏರ್ ಡೆಕ್ಕನ್ ಎಲ್ಲಿ ಹೋಯಿತು ತಾತ? ಕಿಂಗ್‌ಫಿಶರ್ ಒಳಗೆ. ಕಿಂಗ್‌ಫಿಶರ್ 2012ರಲ್ಲಿ ನಿಂತಿತು. ಜೆಟ್ 2019ರ ಏಪ್ರಿಲ್‌ನಲ್ಲಿ. ಗೋ ಫಸ್ಟ್ 2023ರ ಮೇನಲ್ಲಿ. ಒಂದೊಂದು ಸಲ ಒಂದು ಕಂಪನಿ ಮುಚ್ಚಿದಾಗಲೂ ಸಾವಿರಾರು ಗಂಟೆ ಅನುಭವ ಇರೋರು ಬೀದಿಗೆ ಬರುತ್ತಾರೆ. ಅವರ ಹಿಂದೆ ಕ್ಯೂನಲ್ಲಿ 200 ಗಂಟೆಯ ನಾವು. 2023 ಒಂದೇ ವರ್ಷದಲ್ಲಿ ಡಿಜಿಸಿಎ 1,622 ಸಿಪಿಎಲ್ ಕೊಟ್ಟಿದೆ. "ಪೈಲಟ್ ಕೊರತೆ" ಅಂತ ಪೇಪರಲ್ಲಿ ಬರುವುದು ಹೆಚ್ಚಾಗಿ ಅನುಭವಿ ಕ್ಯಾಪ್ಟನ್‌ಗಳ ಕೊರತೆ. ಅದನ್ನು ತೋರಿಸಿ ನಮ್ಮಂಥವರಿಗೆ ಸೀಟು ಮಾರುತ್ತಾರೆ.

ಎಡಗಡೆ ಸೀಟಿಗೆ ಕಾದವನು
ಇದನ್ನು ಪೂರ್ತಿ ಒಪ್ಪಲ್ಲ ತಮ್ಮ. ಕ್ಯಾಪ್ಟನ್ ಕೊರತೆ ನಿಜ, ಆದರೆ ಇವತ್ತಿನ ಫಸ್ಟ್ ಆಫೀಸರೇ ನಾಳೆಯ ಕ್ಯಾಪ್ಟನ್. ಎಟಿಪಿಎಲ್‌ಗೆ ಅಂದರೆ ಕ್ಯಾಪ್ಟನ್ ಆಗೋಕೆ ಬೇಕಾದ ಲೈಸೆನ್ಸಿಗೆ 1500 ಗಂಟೆ ಬೇಕು, ಅದನ್ನು ಗಳಿಸೋಕೆ ಯಾರಾದರೂ ಕೋ-ಪೈಲಟ್ ಆಗಿ ಬಲಗಡೆ ಕೂರಲೇಬೇಕು. ಏರ್‌ಬಸ್, ಬೋಯಿಂಗ್‌ಗೆ ನೂರಾರು ವಿಮಾನ ಆರ್ಡರ್ ಕೊಟ್ಟು ಕೂತಿದ್ದಾರೆ ನಮ್ಮ ಕಂಪನಿಗಳು. 2025ರ ಡಿಸೆಂಬರ್‌ನಲ್ಲಿ ಏನಾಯಿತು ನೋಡಿದಿರಲ್ಲ? ಪೈಲಟ್‌ಗಳ ವಾರದ ವಿಶ್ರಾಂತಿ ಅದಕ್ಕೂ ಕೆಲವು ತಿಂಗಳು ಮುಂಚೆ 36ರಿಂದ 48 ಗಂಟೆ ಆಯಿತು, ರಾತ್ರಿ ಲ್ಯಾಂಡಿಂಗ್‌ಗೆ ಮಿತಿ ಬಂತು, ಇಂಡಿಗೋದಲ್ಲಿ ಸಾವಿರಾರು ಫ್ಲೈಟ್ ರದ್ದು. ಜನ ಸಾಕಾಗದೆ ತಾನೇ ಅದು?

ಆದರೆ ನೇಮಕಾತಿ ಮಳೆ ಥರ. ಬಂದರೆ ಒಟ್ಟಿಗೆ, ಇಲ್ಲದಿದ್ದರೆ ಎರಡು ವರ್ಷ ಒಣ. ಅದಕ್ಕೇ ಆ ಒಣ ಕಾಲ ದಾಟೋಕೆ ದುಡ್ಡು ಇದೆಯಾ ಅಂತ ಬ್ಯಾಂಕಿನವರು ಕೇಳಿದ್ದು.

ಸಿಪಿಎಲ್ ಇದೆ ಕೆಲಸ ಇಲ್ಲ
ಡಿಸೆಂಬರ್‌ನಲ್ಲಿ ಫ್ಲೈಟ್ ರದ್ದಾದಾಗ ನನಗೆ ಯಾರೂ ಫೋನ್ ಮಾಡಲಿಲ್ಲ ಅಣ್ಣ. ಟೈಪ್ ರೇಟಿಂಗ್ ಇಲ್ಲದವನಿಗೆ ಯಾರು ಮಾಡುತ್ತಾರೆ? ಅದಕ್ಕೆ ಇನ್ನೊಂದು 20 ಲಕ್ಷ ಎಲ್ಲಿಂದ ತರಲಿ?

ಎಡಗಡೆ ಸೀಟಿಗೆ ಕಾದವನು
ನಿನ್ನ ಲೈಸೆನ್ಸ್ ಚಾಲ್ತಿಯಲ್ಲಿದೆಯಾ? ಐಆರ್ ರಿನ್ಯೂ ಆಗಿದೆಯಾ? ಮೆಸೇಜ್ ಮಾಡು, ಇನ್‌ಸ್ಟ್ರಕ್ಟರ್ ಕೋರ್ಸ್ ಬಗ್ಗೆ ಮಾತಾಡೋಣ. ಅಂಗಡಿಯಲ್ಲಿ ಕೂತರೆ ಗಂಟೆ ಏರಲ್ಲ.

ಮೊದಲ ಸೋಲೋ
ನಾನು ಈಗ ಕಲಿಯುತ್ತಿರುವವಳು, ಶಿವಮೊಗ್ಗ ಕಡೆಯವಳು. ಎಲ್ಲರೂ ಹೆದರಿಸುತ್ತಿದ್ದೀರಿ, ನಾನೊಂದಿಷ್ಟು ಬೇರೆ ಹೇಳುತ್ತೇನೆ.

ಹುಡುಗಿ ಅಂತ ಹಿಂಜರಿಯಬೇಡಿ ಮಾವ. ನಮ್ಮ ದೇಶದ ಪೈಲಟ್‌ಗಳಲ್ಲಿ ಹೆಣ್ಣುಮಕ್ಕಳು ಸುಮಾರು 15 ಪರ್ಸೆಂಟ್. ಜಗತ್ತಿನ ಸರಾಸರಿ ಅದರ ಮೂರನೇ ಒಂದು ಪಾಲು. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾದು ಬೆಂಗಳೂರಿಗೆ ಬಂದ ಏರ್ ಇಂಡಿಯಾ ವಿಮಾನದ ಕಾಕ್‌ಪಿಟ್‌ನಲ್ಲಿ ಎಲ್ಲರೂ ಹೆಂಗಸರೇ.

ಮೊದಲ ಸಲ ಒಬ್ಬಳೇ ಹಾರಿದ ಸೋಲೋ ದಿನ ಇನ್‌ಸ್ಟ್ರಕ್ಟರ್ ಬೆಲ್ಟ್ ಬಿಚ್ಚಿ ಇಳಿದು, ಆ ಖಾಲಿ ಸೀಟಿನ ಬೆಲ್ಟ್ ಮತ್ತೆ ಕಟ್ಟಿ, ಬಾಗಿಲು ಹಾಕಿ ಹೋದರು. ವಿಮಾನ ಹಗುರಾಗಿ ಬೇಗ ಎದ್ದುಬಿಡುತ್ತದೆ, ಅದಕ್ಕೆ ತಯಾರಿರು ಅಂತ ಮಾತ್ರ ಹೇಳಿದರು. ನಿಜವಾಗಿ ಹಾಗೇ ಆಯಿತು. ಒಂದು ಸುತ್ತು ಹೊಡೆದು ಇಳಿದ ಮೇಲೆ ಗೆಳೆಯರು ತಲೆ ಮೇಲೆ ಬಕೆಟ್ ನೀರು ಸುರಿದರು. ಅಮ್ಮನಿಗೆ ಫೋಟೋ ಕಳಿಸಿದರೆ "ನೆಗಡಿ ಆಗುತ್ತೆ, ತಲೆ ಒರೆಸಿಕೋ" ಅಂದರು, ಅಷ್ಟೇ.

ಪೇಪರ್ ಎಲ್ಲ ಮುಗಿಸಿಕೊಂಡೇ ಸೇರಿದೆ, ಅದರಿಂದ ಬಹಳ ಅನುಕೂಲ ಆಯಿತು. ಪೇಪರ್ ಬಾಕಿ ಇರೋರು ಬೆಳಿಗ್ಗೆ ಹಾರಿ ರಾತ್ರಿ ಓದಿ ಸುಸ್ತಾಗುತ್ತಾರೆ. ಮತ್ತೆ ಜಿಎಸ್‌ಟಿ ಅಂತ ಸೇರಿಸಿ ಬಿಲ್ ಕೊಟ್ಟರೆ ಕೇಳಿ. ಡಿಜಿಸಿಎ ಒಪ್ಪಿದ ಶಾಲೆಯ ಒಪ್ಪಿದ ಕೋರ್ಸ್‌ಗೆ ಜಿಎಸ್‌ಟಿ ಇಲ್ಲ ಅಂತ 2024ರಲ್ಲಿ ಜಿಎಸ್‌ಟಿ ಕೌನ್ಸಿಲ್ ಸ್ಪಷ್ಟ ಮಾಡಿದೆ.

ಮಾಜಿ ಬ್ಯಾಂಕಿನವ
ಈ ಕೊನೇ ಸಾಲಿಗೇ ನೂರು ಮಾರ್ಕ್ಸ್ ಮಗಳೇ. 50 ಲಕ್ಷಕ್ಕೆ 18 ಪರ್ಸೆಂಟ್ ಅಂದರೆ 9 ಲಕ್ಷ.

ಕುಡ್ಲದ ಮೀನು
ಮಂಗಳೂರಿನವನಾಗಿ ಒಂದು ಹೇಳಬೇಕು. 2010ರ ಮೇ 22 ನಮಗೆ ಮರೆಯೋಕೆ ಆಗಲ್ಲ. ದುಬೈಯಿಂದ ಬಂದ ವಿಮಾನ ಬಿದ್ದು 158 ಜನ ಹೋದರು, ಉಳಿದದ್ದು 8 ಜನ. ತನಿಖಾ ವರದಿಯಲ್ಲಿ ಇರುವುದು ಏನು ಗೊತ್ತಾ? ಕ್ಯಾಪ್ಟನ್ ದಾರಿಯಲ್ಲಿ ಒಂದೂವರೆ ಗಂಟೆಗೂ ಜಾಸ್ತಿ ನಿದ್ದೆ ಮಾಡಿದ್ದರು. ಎತ್ತರ ಜಾಸ್ತಿ ಇಟ್ಟುಕೊಂಡೇ ಬಂದರು. ಕೋ-ಪೈಲಟ್ ಮೂರು ಸಲ "ಗೋ ಅರೌಂಡ್", ಅಂದರೆ ಇಳಿಯೋದು ಬಿಟ್ಟು ಮತ್ತೆ ಮೇಲೇರಿ, ಅಂದರು. 8000 ಅಡಿ ರನ್‌ವೇಯಲ್ಲಿ 5200 ಅಡಿ ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು. ಲೈಸೆನ್ಸ್, ಗಂಟೆ ಎಲ್ಲ ಬೇಕಾದಷ್ಟು ಇದ್ದ ಕ್ಯಾಪ್ಟನ್ ಅವರು. ಹುಡುಗಿಗೆ ಮೇಲಿನವರ ಎದುರು "ಬೇಡ ಸರ್" ಅನ್ನೋ ಧೈರ್ಯ ಇದೆಯಾ ನೋಡಿ. ನಮ್ಮ ಮನೆಗಳಲ್ಲಿ ದೊಡ್ಡವರಿಗೆ ಎದುರಾಡಬಾರದು ಅಂತ ಬೆಳೆಸಿರುತ್ತೇವಲ್ಲ.

ಹಾವೇರಿ ಮಾವ
ಎದುರಾಡೋ ವಿಷಯದಲ್ಲಿ ಅವಳಿಗೆ ತರಬೇತಿ ಬೇಕಿಲ್ಲ ಬಿಡಿ. ಅಪ್ಪನ್ನೇ ಒಪ್ಪಿಸಿದ್ದಾಳೆ.

ಬಲಗಡೆ ಸೀಟಿನ ಮೇಷ್ಟ್ರು
ಕುಡ್ಲದವರ ಮಾತು ನಿಜ. ಈಗ ಏರ್‌ಲೈನ್‌ಗಳಲ್ಲಿ ಸಿಆರ್‌ಎಂ ಅಂತ ಇದಕ್ಕೇ ತರಬೇತಿ ಇದೆ. ಕೋ-ಪೈಲಟ್ ಬರೀ ಹೇಳುವುದಲ್ಲ, ಕೇಳದಿದ್ದರೆ ಕಂಟ್ರೋಲ್ ತೆಗೆದುಕೊಳ್ಳಬೇಕು.

ಸೈನಿಕನ ಮಗ
ದುಡ್ಡೇ ಇಲ್ಲದೆ ಹಾರೋ ದಾರಿ ಯಾರೂ ಹೇಳಲಿಲ್ಲ! ವಾಯುಪಡೆ. ಸೇನಾ ತರಬೇತಿ ಅಕಾಡೆಮಿ ಎನ್‌ಡಿಎಗೆ ಈಗ ಹುಡುಗಿಯರನ್ನೂ ತೆಗೆದುಕೊಳ್ಳುತ್ತಾರೆ, ಡಿಗ್ರಿ ಆದ ಮೇಲೆ ವಾಯುಪಡೆಯ ಪ್ರವೇಶ ಪರೀಕ್ಷೆ ಎಎಫ್‌ಕ್ಯಾಟ್. ಸೆಲೆಕ್ಷನ್ ಬೋರ್ಡ್ ನಮ್ಮ ಮೈಸೂರಿನಲ್ಲೇ ಇದೆ. ಫೈಟರ್ ತರಬೇತಿ ಬೀದರ್‌ನಲ್ಲಿ, ಹಾಕ್ ವಿಮಾನದಲ್ಲಿ. ಒಂದು ಎಚ್ಚರ, ಅಲ್ಲಿ ಪೈಲಟ್ ಸಾಮರ್ಥ್ಯದ ಕಂಪ್ಯೂಟರ್ ಪರೀಕ್ಷೆ ಜೀವನದಲ್ಲಿ ಒಂದೇ ಸಲ. ಫೇಲ್ ಆದರೆ ವಾಯುಪಡೆಯಲ್ಲಿ ಹಾರುವ ಅವಕಾಶ ಮುಗಿಯಿತು.

ಶಿಸ್ತಿನ ಸುಮಾ
ಮತ್ತೆ ಸರ್ಕಾರದ ಪೈಲಟ್ ತರಬೇತಿ ಅಕಾಡೆಮಿ ಇಗ್ರುವಾ ಇದೆ, ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ. ಪ್ರವೇಶ ಪರೀಕ್ಷೆ ಇರುತ್ತದೆ, ಫೀ 45 ಲಕ್ಷದ ಆಸುಪಾಸು. ಕರ್ನಾಟಕದಲ್ಲೇ ಕಲಬುರಗಿ, ಬೆಳಗಾವಿ ಏರ್‌ಪೋರ್ಟ್‌ಗಳಲ್ಲೂ ಖಾಸಗಿ ಶಾಲೆಗಳು ಬಂದಿವೆ. ಹಾವೇರಿಯಿಂದ ಬೆಳಗಾವಿ ಹತ್ತಿರ, ಒಂದು ಬೆಳಿಗ್ಗೆ ಹೋಗಿ ಮೇಷ್ಟ್ರು ಹೇಳಿದಂತೆ ಹ್ಯಾಂಗರ್ ನೋಡಿಕೊಂಡು ಬನ್ನಿ.

ಕಾಮರ್ಸ್ ಕಿರಣ
ನನ್ನದು ಕಾಮರ್ಸ್. ನನಗೆ ದಾರಿ ಇದೆಯಾ?

ಮೊದಲ ಸೋಲೋ
ಇದೆ. ಫಿಸಿಕ್ಸ್, ಮ್ಯಾಥ್ಸ್ ಎರಡನ್ನೇ ಮುಕ್ತ ಶಾಲೆಯಾದ ಎನ್‌ಐಒಎಸ್‌ನಲ್ಲಿ ಬರೆದು ಪಾಸಾಗಿ ಬಂದವರು ನಮ್ಮ ಬ್ಯಾಚಿನಲ್ಲೇ ಇದ್ದಾರೆ. ಫಿಸಿಕ್ಸ್, ಮ್ಯಾಥ್ಸ್ ಬೇಕೇ ಬೇಕು ಅನ್ನೋ ನಿಯಮವನ್ನೇ ತೆಗೆಯೋ ಪ್ರಸ್ತಾಪ ಕೂಡ ಬಂದಿದೆ. 90ರ ದಶಕದ ಮಧ್ಯದವರೆಗೆ ಬರೀ 10ನೇ ತರಗತಿ ಸಾಕಿತ್ತಂತೆ.

ಜಕ್ಕೂರು ತಾತ
ಸಾಕಿತ್ತು. ಕಣ್ಣು ಚೆನ್ನಾಗಿರಬೇಕು, ಧೈರ್ಯ ಇರಬೇಕು, ಅಷ್ಟೇ.

ಹಾವೇರಿ ಮಾವ
ಎಲ್ಲರಿಗೂ ತುಂಬಾ ಉಪಕಾರ ಆಯಿತು. ಭಾವನವರಿಗೆ ಇಡೀ ಚರ್ಚೆ ಓದಿ ಹೇಳಿದೆ. ಕನ್ಸಲ್ಟೆನ್ಸಿಗೆ ಫೋನ್ ಮಾಡಿ, ಕೆಲಸದ ಗ್ಯಾರಂಟಿಯನ್ನು ಸ್ಟಾಂಪ್ ಪೇಪರ್ ಮೇಲೆ ಬರೆದುಕೊಡಿ ಅಂದೆ. ಮೇಲಿನವರನ್ನು ಕೇಳಿ ಹೇಳುತ್ತೇವೆ ಅಂದವರು ಮತ್ತೆ ಫೋನ್ ಎತ್ತಲಿಲ್ಲ. ಹುಬ್ಬಳ್ಳಿಯಲ್ಲಿ ಕಣ್ಣು ತೋರಿಸಿ ಆಯಿತು, ಬಣ್ಣದ ಪುಸ್ತಕ ಪೂರ್ತಿ ಸರಿಯಾಗಿ ಓದಿದಳು. ಕ್ಲಾಸ್ 2ಕ್ಕೆ ಡಾಕ್ಟರ್ ಹುಡುಕುತ್ತಿದ್ದೇವೆ. ಮಲ್ಲೇಶ್ವರಕ್ಕೆ ಸೋಮವಾರ ಹೋಗುತ್ತೇನೆ. ಹೆಸರಿನ ಇನಿಷಿಯಲ್ ಆಧಾರ್‌ನಲ್ಲಿ ಬೇರೆಯೇ ಇದೆ, ಸುಮಾ ಮೇಡಂ ಹೇಳಿದ ಹಾಗೇ.

ಶಿಸ್ತಿನ ಸುಮಾ
ಅಂಕಪಟ್ಟಿ ಮುಟ್ಟಬೇಡಿ, ಆಧಾರ್ ಅನ್ನು ಅದಕ್ಕೆ ಹೊಂದಿಸಿ. ಆಮೇಲೆ ಪಾಸ್‌ಪೋರ್ಟ್. ಎಲ್ಲದರಲ್ಲೂ ಒಂದೇ ಸ್ಪೆಲಿಂಗ್ ಇರಲಿ.

ಕಿವಿ ಮೂಗು ಗಂಟಲು
ಮೆಡಿಕಲ್‌ಗೆ ಹೋಗೋ ಹಿಂದಿನ ದಿನಗಳಲ್ಲಿ ಜೋರು ಸದ್ದಿನ ಕಡೆ ಹೋಗಬಾರದು, ಇಯರ್‌ಫೋನ್ ತೆಗೆದಿಡಲಿ. ನೆಗಡಿ ಇದ್ದರೆ ದಿನಾಂಕ ಮುಂದಕ್ಕೆ ಹಾಕಿಸಿ.

ಡ್ರೋನ್ ಸಿದ್ದು
ಎಲ್ಲರೂ ದೊಡ್ಡ ವಿಮಾನದ ಮಾತೇ ಆಡುತ್ತಿದ್ದೀರಿ. ನಾನು 10ನೇ ತರಗತಿ ಪಾಸ್, ಹೊಲಕ್ಕೆ ಔಷಧಿ ಹೊಡೆಯೋ ಡ್ರೋನ್ ಹಾರಿಸೋಕೆ ಲೈಸೆನ್ಸ್ ಬೇಕಾ? ಅದಕ್ಕೂ ಮೆಡಿಕಲ್ ಇದೆಯಾ?

ನಿರ್ವಾಹಕ
ಸಿದ್ದು ಅವರೇ, ಅದಕ್ಕೆ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಅಂತ ಬೇರೆ ಇದೆ, 18 ವರ್ಷ ಮತ್ತು 10ನೇ ತರಗತಿ ಸಾಕು. ಉಳಿದದ್ದಕ್ಕೆ ಹೊಸ ಚರ್ಚೆ ಶುರು ಮಾಡಿ, ಇಲ್ಲಿ ಬೇಡ.

ಕಾಫಿಗೆ ಸಕ್ಕರೆ ಕಮ್ಮಿ
ಶುರು ಮಾಡಿ ಸಿದ್ದು, ನಾನೂ ಬರುತ್ತೇನೆ. ನಮ್ಮ ಅಡಿಕೆ ತೋಟಕ್ಕೆ ಬೋರ್ಡೋ ಹೊಡೆಯೋಕೆ ಆಳು ಸಿಗುತ್ತಿಲ್ಲ.